ಇಳೀರಿ ಅಂದಾಗ ಇಳಿದವರು

ಎಂಟು ತಿಂಗಳು ಉಸ್ತಾದ್ ನನ್ನನ್ನು ಕಂಬ ಹತ್ತಿಸಲಿಲ್ಲ. ಏಣಿ ಹೊರುವುದು, ಹಗ್ಗ ಸುತ್ತಿಡುವುದು, ಪಿನ್ ಇನ್ಸುಲೇಟರ್‌ಗಳನ್ನು ಬಟ್ಟೆಯಿಂದ ಒರೆಸಿ ಕೊಡುವುದು, ಮೇಲಿನಿಂದ ಅವರು ಇಳಿಬಿಟ್ಟ ಹಗ್ಗಕ್ಕೆ ಕೇಳಿದ ಸಾಮಾನು ಕಟ್ಟುವುದು. ನನ್ನ ಪಾಲಿಗೆ ಬಂದ ಕೆಲಸ ಅಷ್ಟೇ. ಕಟ್ಟಿದ ಗಂಟನ್ನೂ ಅವರು ಸುಮ್ಮನೆ ಒಪ್ಪುತ್ತಿರಲಿಲ್ಲ. ಒಮ್ಮೆ ಜಗ್ಗುವರು, ಇನ್ನೊಮ್ಮೆ ಜಗ್ಗುವರು, ಆಮೇಲೆ ಪೂರ್ತಿ ಬಿಚ್ಚಿ ನನ್ನ ಕೈಗೆ ಕೊಟ್ಟು, “ಮತ್ತ ಕಟ್ಟು ತಮ್ಮಾ” ಅನ್ನುವರು. ನನಗಾಗ ಇಪ್ಪತ್ತೊಂದು ವರ್ಷ. ಐಟಿಐ ಮುಗಿಸಿ ಬಂದವನು, ವೈರಿಂಗ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವನು. ಈ ಮನುಷ್ಯನಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ ಎಂದು ರಾತ್ರಿ ಗುಲ್ಬರ್ಗಾದ ಬಾಡಿಗೆ ಕೋಣೆಗೆ ಬಂದು ಮಲಗಿದಾಗ ಹೊಟ್ಟೆ ಉರಿಯುತ್ತಿತ್ತು.

ಉಸ್ತಾದ್ ಎನ್ನುವುದು ನಮ್ಮ ಕಡೆ ಗ್ಯಾರೇಜಿನಲ್ಲಿ, ಹೊಲಿಗೆ ಅಂಗಡಿಯಲ್ಲಿ, ಕುಸ್ತಿಯ ಗರಡಿಯಲ್ಲಿ, ಕಂಬದ ಕೆಳಗೆ, ಎಲ್ಲಾ ಕಡೆ ಚಲಾವಣೆಯಲ್ಲಿರುವ ಮಾತು. ಜಾತಿ, ಧರ್ಮ ಕೇಳದ ಮಾತು. ಕೈಗೆ ಕೆಲಸ ಕಲಿಸಿದವನು ಉಸ್ತಾದ್. ನನ್ನ ಉಸ್ತಾದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಂದೆ ಬರೆಯಲಿರುವ ಸಂಗತಿಯನ್ನು ಬದುಕಿದ್ದಾಗ ಅವರು ಯಾರ ಮುಂದೆಯೂ ಆಡಿಕೊಂಡವರಲ್ಲ.

ನಾವು ಕೆಲಸ ಮಾಡುತ್ತಿದ್ದದ್ದು ಕಮಲಾಪುರದ ಸುತ್ತಲಿನ ಲೈನುಗಳ ಮೇಲೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು 35 ಕಿ.ಮೀ. ಆಸುಪಾಸು ಹೋದರೆ ಕಮಲಾಪುರ. ಈಗ ತಾಲೂಕು ಕೇಂದ್ರವಾಗಿದೆ, ಆಗ ಗುಲ್ಬರ್ಗಾ ತಾಲೂಕಿನೊಳಗಿನ ಊರು. ಜಿಲ್ಲೆಯ ಹೆಚ್ಚು ಭಾಗ ಕರಿ ಎರೆಭೂಮಿ, ಮಳೆ ನಂಬಿದ ತೊಗರಿ. ಕಮಲಾಪುರ ಮಾತ್ರ ಕೆಂಬಾಳೆಯ ಊರು. ಭೌಗೋಳಿಕ ಗುರುತು ಪಡೆದ ಆ ಕೆಂಪು ಸಿಪ್ಪೆಯ ಬಾಳೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ತೊಗರಿ ಮುಗಿಲು ನೋಡಿಕೊಂಡು ನಿಂತೀತು, ಬಾಳೆ ನಿಲ್ಲದು. ಬಾಳೆಗೆ ಬಾವಿಯ ನೀರು ಬೇಕು, ಬಾವಿಗೆ ಪಂಪ್‌ಸೆಟ್ ಬೇಕು, ಪಂಪ್‌ಸೆಟ್ಟಿಗೆ ಕರೆಂಟು ಬೇಕು. ಒಂದೂವರೆ ವರ್ಷ ಮಗುವಿನಂತೆ ಸಾಕಿದ ಗಿಡ ಮೇ ತಿಂಗಳ ಬಿಸಿಲಲ್ಲಿ ಎಲೆ ಜೋಲು ಬಿಡುವುದನ್ನು ನೋಡಿದ ರೈತ ಲೈನ್‌ಮ್ಯಾನ್ ಮನೆಯ ಕದ ಬಡಿಯಲು ಬೆಳಗಾಗುವ ತನಕ ಕಾಯುವುದಿಲ್ಲ.

ಕರೆಂಟಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. 11 ಕೆ.ವಿ. ಲೈನಿನ ಮೇಲೆ ಕೈಯಿಡುವ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಅಲ್ಲಿನ ಆಪರೇಟರ್ ಆ ಫೀಡರಿನ ಬ್ರೇಕರ್ ಇಳಿಸಿ, ಐಸೊಲೇಟರ್ ಬಿಡಿಸಿ, ಪುಸ್ತಕದಲ್ಲಿ ಹೊತ್ತು ಬರೆದು, ನಂಬರ್ ಕೊಡುತ್ತಾನೆ. ಆ ನಂಬರ್ ಯಾರ ಹೆಸರಲ್ಲಿ ಹೋಯಿತೋ ಅವನೇ ವಾಪಸ್ ಕೊಡುವ ತನಕ ಲೈನಿಗೆ ಜೀವ ಬರಬಾರದು. ಇಷ್ಟಾದ ಮೇಲೂ ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ರಾಡ್ ಹಾಕಬೇಕು. ಮೂರೂ ತಂತಿಗಳನ್ನು ಒಂದಕ್ಕೊಂದು ಸೇರಿಸಿ ನೆಲಕ್ಕೆ ಕೊಡುವ ಸಲಕರಣೆ ಅದು. ಯಾರೋ ತಪ್ಪಿ ಸ್ವಿಚ್ ಏರಿಸಿದರೂ ಕರೆಂಟು ನೆಲಕ್ಕಿಳಿಯುತ್ತದೆ, ಕಂಬದ ಮೇಲಿದ್ದವನ ಜೀವ ಉಳಿಯುತ್ತದೆ. ಈ ಕಸುಬಿನ ಒಂದೊಂದು ನಿಯಮದ ಹಿಂದೆಯೂ ಎಲ್ಲೋ ಒಂದು ಕಡೆ ಸತ್ತ ಯಾರೋ ಒಬ್ಬನಿದ್ದಾನೆ.

ಆರನೆಯ ತಿಂಗಳಲ್ಲಿ ನಾನೊಂದು ಕೆಲಸ ಮಾಡಿದೆ. ಉಸ್ತಾದ್ ಎಲ್‌ಸಿ ತೆಗೆದುಕೊಂಡು ಬಂದು ಬೀಡಿ ಹಚ್ಚಿದ್ದರು. ನೀರು ಕುಡಿದು ಬರುವ ನೆಪ ಹೇಳಿ, ಹತ್ತಿರದಲ್ಲಿ ಫೋನ್ ಇದ್ದ ಅಂಗಡಿಗೆ ಹೋಗಿ, ಅದೇ ಆಪರೇಟರನಿಗೆ ಫೋನ್ ಮಾಡಿ, ಎಲ್‌ಸಿ ನಿಜವಾಗಿ ಕೊಟ್ಟಿದ್ದೀರಾ ಎಂದು ಕೇಳಿದೆ. ಅದರಲ್ಲಿ ಜಾಗರೂಕತೆ ಅರ್ಧ, ಸೇಡು ಅರ್ಧ. ನನ್ನ ಗಂಟು ನೀವು ಬಿಚ್ಚುತ್ತೀರಲ್ಲ, ನಿಮ್ಮ ಗಂಟು ನಾನೂ ಜಗ್ಗಿ ನೋಡುತ್ತೇನೆ ಎನ್ನುವ ಹಟ. ಸುದ್ದಿ ಸಂಜೆಯೊಳಗೆ ಅವರ ಕಿವಿಗೆ ಬಿತ್ತು. ಮರುದಿನ ಬೈಗುಳ ತಿನ್ನಲು ಸಿದ್ಧನಾಗಿ ಹೋದೆ. ಅವರು ಸೈಕಲ್ಲಿಗೆ ಏಣಿ ಕಟ್ಟುತ್ತಾ, ನನ್ನ ಮುಖ ಕೂಡ ನೋಡದೆ ಅಂದರು:

“ನಿನ್ನಿ ಫೋನ್ ಮಾಡಿ ಕೇಳ್ದಿ ಅಂತಲ್ಲ. ಚಲೋ ಮಾಡ್ದಿ. ದಿನಾ ಕೇಳು. ಆದ್ರ ಕದ್ದು ಕೇಳಬ್ಯಾಡ, ನನ್ನ ಮುಂದ ಕೇಳು.”

ಆ ಮಾತಿನ ಅರ್ಥ ಆವತ್ತು ಅರ್ಧವಷ್ಟೇ ತಲೆಗೆ ಹೋಯಿತು. ಬೈಗುಳ ತಪ್ಪಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಗುರುವಾರ ಕೆಲಸ ಬೇಗ ಮುಗಿದರೆ ಅವರು ಖಾಜಾ ಬಂದೇನವಾಜರ ದರ್ಗಾಕ್ಕೆ ಹೋಗುವರು, ಸೋಮವಾರ ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರರ ದೇವಸ್ಥಾನಕ್ಕೆ. ಕಲಬುರಗಿಯಲ್ಲಿ ಇದು ವಿಶೇಷವೇನಲ್ಲ, ಎರಡೂ ಕಡೆ ನಡೆದುಕೊಳ್ಳುವ ಮನೆಗಳು ಬೇಕಾದಷ್ಟಿವೆ. ಒಂದು ಗುರುವಾರ ನನ್ನನ್ನೂ ಕರೆದುಕೊಂಡು ಹೋದರು. ದರ್ಗಾದ ಅಂಗಳದಲ್ಲಿ ಕೂತು ಖಾಜಾ ಸಾಹೇಬರಿಗೆ ಗೇಸುದರಾಜ್ ಎಂಬ ಹೆಸರು ಬಂದ ಕಥೆ ಹೇಳಿದರು. ಖಾಜಾ ಸಾಹೇಬರು ದೆಹಲಿಯಲ್ಲಿ ಚಿರಾಗ್ ದೆಹಲವಿ ನಸೀರುದ್ದೀನರ ಶಿಷ್ಯರಾಗಿದ್ದ ಕಾಲ. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದಾಗ ಅವರ ನೀಳ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ಪಲ್ಲಕ್ಕಿ ನಿಲ್ಲಿಸಬೇಕು, ನಿಲ್ಲಿಸಿದರೆ ಗುರುವಿಗೆ ತೊಂದರೆ. ನೋವು ನುಂಗಿಕೊಂಡು ದೂರದ ದಾರಿ ನಡೆದೇ ಬಿಟ್ಟರು. ವಿಷಯ ತಿಳಿದ ಗುರು ಆ ಪ್ರೀತಿಗೆ ಕರಗಿ ಶಿಷ್ಯನನ್ನು ಹರಸಿದರು, ನೀಳಗೂದಲಿನವನು ಎಂಬ ಅರ್ಥದ ಹೆಸರು ಉಳಿಯಿತು. ಹೀಗೊಂದು ಐತಿಹ್ಯ. ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟ ಖಾಜಾ ಸಾಹೇಬರು 1400ರ ಸುಮಾರಿಗೆ ಬಹಮನಿ ಫಿರೋಜ್ ಷಾನ ಕಾಲದಲ್ಲಿ ಗುಲ್ಬರ್ಗಾಕ್ಕೆ ಬಂದು, 1422ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು.

ಕಥೆ ಮುಗಿಸಿ ಉಸ್ತಾದ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಅದು ದೊಡ್ಡವ್ರ ಪ್ರೀತಿ ತಮ್ಮಾ. ನಮ್ಮ ಕೆಲಸದಾಗ ನೀ ಹಂಗ ಮಾಡಬ್ಯಾಡ. ಕೂದಲು ಸಿಕ್ಕಿದ್ರ ಒದರು. ಪಲ್ಲಕ್ಕಿ ಒಳಗ ಕುಂತವ್ರಿಗಿ ಕೆಳಗ ಏನಾಗ್ಲತ್ತದ ಅಂತ ಹ್ಯಾಂಗ ಗೊತ್ತಾಗಬೇಕು?”

ಕಂಬದ ಮೇಲಿನವನಿಗೆ ಅವನ ಮೊಳಕೈಯಾಚೆಗಿನದು ಕಾಣುವುದಿಲ್ಲ. ಕಣ್ಣೆಲ್ಲ ನಟ್ಟು ಬೋಲ್ಟಿನ ಮೇಲೆ. ಸುತ್ತಲಿನ ಲೋಕ ಕಾಣುವುದು ಕೆಳಗೆ ನಿಂತವನಿಗೆ. ಕಸುಬು ಬಲ್ಲವನು ಮೇಲಿರುತ್ತಾನೆ, ನೋಡಬಲ್ಲವನು ಕೆಳಗಿರುತ್ತಾನೆ.

ಆ ಸಲದ ಬೇಸಿಗೆಯಲ್ಲಿ ಒಂದು ಸಂಜೆ ಬಿರುಗಾಳಿ ಎದ್ದಿತು. ಆಲಿಕಲ್ಲು, ಧೂಳು, ಆಮೇಲೆ ಅರ್ಧ ತಾಸು ಮಳೆ. ಬೇವಿನ ಮರವೊಂದು ಬಿದ್ದು ಕಂಬ ಎಳೆದುಕೊಂಡು ಹೋಯಿತು. ಒಂದು ಸಣ್ಣ ಹಳ್ಳಿಗೂ ಅದರಾಚೆಯ ಬಾಳೆ ತೋಟಗಳಿಗೂ ಕರೆಂಟು ಹೋಯಿತು. ಕುಡಿಯುವ ನೀರಿನ ಮೋಟಾರೂ ನಿಂತಿತು. ಉಳಿದವರನ್ನೆಲ್ಲ ಬೇರೆ ಬೇರೆ ಕಡೆ ಕಳಿಸಿದ್ದರಿಂದ ಆ ಲೈನಿಗೆ ನಾವಿಬ್ಬರೇ.

ಮೊದಲ ದಿನ ಬಿದ್ದ ಮರ ಕಡಿಸಿ, ಊರವರನ್ನು ಸೇರಿಸಿಕೊಂಡು ಹೊಸ ಕಂಬ ನೆಟ್ಟೆವು. ಕೆಳಗೆ ಬಿದ್ದ ತಂತಿಗಳನ್ನು ಎರಡೂ ಬದಿಯ ಕಂಬಗಳ ಹತ್ತಿರ ಕತ್ತರಿಸಿ ಸುತ್ತಿಟ್ಟೆವು. ಹಾಗಾಗಿ ಲೈನು ನಡುವೆ ತುಂಡಾಯಿತು. ಈಚೆಯ ತುಂಡು ಸಬ್‌ಸ್ಟೇಷನ್ ಕಡೆಯದು, ಹಳ್ಳಿಯೂ ತೋಟಗಳೂ ಅದರ ಮೇಲೆಯೇ. ಆಚೆಯದು ಬರೀ ಬಾಲ. ಆ ಬಾಲದ ಕೊನೆಗೆ ಒಂದು ಹಿಟ್ಟಿನ ಗಿರಣಿ, ಅದಕ್ಕೆಂದೇ ಇದ್ದ ಒಂದು ಸಣ್ಣ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಅಷ್ಟು ಬಿಟ್ಟರೆ ಮುಂದೆ ಏನೂ ಇಲ್ಲ. ಆ ದಿನ ಉಸ್ತಾದ್ ಆಚೆ ಬದಿಯ ಕಂಬವನ್ನು ಹತ್ತಿ ಇಳಿದಿದ್ದರು. ತಂತಿ ಸತ್ತಿತ್ತು. ನಾನೂ ಕಣ್ಣಾರೆ ಕಂಡಿದ್ದೆ.

ಎರಡನೆಯ ದಿನ ಹೊತ್ತು ಮುಳುಗುವ ಮುನ್ನ ಹೊಸ ತಂತಿ ಎಳೆಯಬೇಕಿತ್ತು. ಎಲ್‌ಸಿ ಬಂದಿತ್ತು. ಸಬ್‌ಸ್ಟೇಷನ್ ಬದಿಗೆ ರಾಡ್ ಹಾಕಿದೆವು. ಇನ್ನೊಂದು ಜೊತೆ ರಾಡು ಬೆಳಿಗ್ಗೆ ಕೆಲಸ ಮಾಡಿದ ಜಾಗದಲ್ಲೇ ಉಳಿದಿತ್ತು. ತರಲು ಹೋದರೆ ಮುಕ್ಕಾಲು ತಾಸು, ಅಷ್ಟರಲ್ಲಿ ಕತ್ತಲೆ. ಉಸ್ತಾದ್ ಆಚೆ ಬದಿಯ ಕಂಬದ ಕಡೆ ನೋಡಿದರು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು. “ಮುಂದ ಏನದ? ಸತ್ತ ಬಾಲ ಅದ. ನಿನ್ನಿ ಹತ್ತಿ ಇಳಿದೀನಿ” ಅಂದರು. ಗಂಟು ಬಿಚ್ಚಿಸಿ ಕಟ್ಟಿಸುತ್ತಿದ್ದ ಮನುಷ್ಯನ ಬಾಯಿಂದ ಬಂದ ಮಾತು ಅದು. ನಾನೂ ಹೂಂ ಅಂದೆ. ನನಗೂ ಊಟ ಬೇಕಿತ್ತು, ನಿದ್ದೆ ಬೇಕಿತ್ತು.

ಅವರು ಹತ್ತತೊಡಗಿದರು. ಟಿಸಿಯ ಫ್ಯೂಸ್ ಸರಿಯಿದೆಯೋ ನೋಡಿ ಬಾ ಎಂದು ನನ್ನನ್ನು ಕಳಿಸಿದ್ದರು. ಎರಡು ಕಂಬದ ದೂರ. ಹತ್ತಿರ ಹೋದವನಿಗೆ ಒಂದು ಸದ್ದು ಕೇಳಿಸಿತು. ಗುಂಯ್ ಅನ್ನುವ ಸಣ್ಣ ಸದ್ದು, ಡಬ್ಬಿಯೊಳಗೆ ಜೇನುಹುಳ ಸಿಕ್ಕಿದ ಹಾಗೆ. ದಿನವೂ ಕೇಳುವ ಸದ್ದು ಅದು, ನಡೆಯುತ್ತಿರುವ ಟಿಸಿಯ ಸದ್ದು. ಅದು ಅಲ್ಲಿ ಇರಬಾರದು ಎನ್ನುವುದು ತಲೆಗೆ ಹೊಳೆಯಲು ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಕರೆಂಟಿಲ್ಲದ ಲೈನಿನ ತುದಿಯಲ್ಲಿ ಟಿಸಿ ಯಾಕೆ ಗುಂಯ್‌ಗುಡಬೇಕು? ಕಾರಣ ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಉಸ್ತಾದ್ ತಂತಿಗೆ ನಾಲ್ಕು ಮೊಳ ಕೆಳಗಿದ್ದರು.

“ಉಸ್ತಾದ್, ಇಳೀರಿ! ಇಳೀರಿ!”

ಅವರು ಯಾಕೆ ಎಂದು ಕೇಳಲಿಲ್ಲ. ತಲೆ ತಿರುಗಿಸಿ ನನ್ನತ್ತ ನೋಡಲೂ ಇಲ್ಲ. ಎತ್ತಿದ ಬಲಗೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು, ಹತ್ತಿದ್ದಕ್ಕಿಂತ ಬೇಗ ಇಳಿದು, ಕಂಬದಿಂದ ಹತ್ತು ಹೆಜ್ಜೆ ದೂರ ಸರಿದು ನಿಂತರು. ನಾನು ಓಡಿ ಬಂದೆ. “ಏನಾತು?” ಎಂದು ಕೇಳಿದ್ದು ಆಗ. “ಟಿಸಿ ಗುಂಯ್ ಅನ್ಲತ್ತದ್ರಿ” ಅಂದೆ. ಅವರ ಮುಖದಲ್ಲಿ ರಕ್ತ ಇಳಿದದ್ದನ್ನು ಕಂಡೆ.

ನಡೆದದ್ದು ಇಷ್ಟು. ಎರಡು ದಿನದಿಂದ ಊರಲ್ಲಿ ಜೋಳದ ಹಿಟ್ಟಿಲ್ಲ, ಜನ ಗಿರಣಿಯವನನ್ನು ಕಾಡಿದ್ದಾರೆ. ಅವನು ಎಲ್ಲಿಂದಲೋ ಡೀಸೆಲ್ ಜನರೇಟರ್ ಬಾಡಿಗೆಗೆ ತಂದು, ಮೇನ್ ಸ್ವಿಚ್ ಇಳಿಸದೆ, ಇದ್ದ ವೈರಿಂಗಿಗೇ ಜೋಡಿಸಿದ್ದಾನೆ. ಗಾಳಿ ಎದುರು ದಿಕ್ಕಿನದು, ಎಂಜಿನ್ನಿನ ಸದ್ದು ನಮ್ಮ ತನಕ ಬಂದಿಲ್ಲ. ಟಿಸಿ ಎಂಬುದು ಎರಡೂ ಕಡೆ ತೆರೆಯುವ ಬಾಗಿಲು. 11,000 ವೋಲ್ಟ್ ಬಂದರೆ 433ಕ್ಕೆ ಇಳಿಸಿ ಕೊಡುತ್ತದೆ. ಕೆಳಗಿನಿಂದ ನಾನೂರು ಚಿಲ್ಲರೆ ನುಗ್ಗಿಸಿದರೆ ಅಷ್ಟೇ ನಿಷ್ಠೆಯಿಂದ ಮೇಲಕ್ಕೆ 11,000 ಮಾಡಿ ಕಳಿಸುತ್ತದೆ. ನಮ್ಮ ಸತ್ತ ಬಾಲಕ್ಕೆ ಆ ಸಂಜೆ ಹಿಂದಿನಿಂದ ಜೀವ ಬಂದಿತ್ತು. ಎಲ್‌ಸಿ ನಿಜವಿತ್ತು. ಸಬ್‌ಸ್ಟೇಷನ್ ಬದಿಯ ರಾಡೂ ಸರಿಯಿತ್ತು. ತುಂಡಾದ ಲೈನಿನ ಆಚೆ ಬದಿಗೆ ಎರಡರಿಂದಲೂ ಉಪಯೋಗವಿರಲಿಲ್ಲ.

ಉಸ್ತಾದ್ ಗಿರಣಿಗೆ ಹೋಗಿ ಜನರೇಟರ್ ನಿಲ್ಲಿಸಿದರು. ಗಿರಣಿಯವನು ವಿಷಯ ತಿಳಿದು ಅಲ್ಲೇ ಕುಸಿದು ಕೂತ. ಕೆಟ್ಟವನಲ್ಲ, ಊರಿನ ಹಸಿವಿಗೆ ಓಗೊಟ್ಟವನು. ಅವನ ಮೇಲೆ ಕೈಯೆತ್ತಲು ಹೋದ ನನ್ನನ್ನು ಉಸ್ತಾದ್ ತಡೆದರು. ಆಮೇಲೆ ಕತ್ತಲೆಯಲ್ಲಿ ಇಬ್ಬರೂ ನಡೆದು ಹೋಗಿ ಉಳಿದ ರಾಡು ತಂದು, ಎರಡೂ ಬದಿಗೆ ಹಾಕಿ, ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ತಂತಿ ಎಳೆದೆವು. ಆಚೆಯ ಕಂಬಕ್ಕೆ ಏಣಿ ಹಚ್ಚಿ ಅವರು ನನಗೆ ಅಂದರು: “ನೀ ಹತ್ತು. ನಾ ಕೆಳಗ ನಿಲ್ತೀನಿ.”

ನಾನು ಹತ್ತಿದ ಮೊದಲ 11 ಕೆ.ವಿ. ಕಂಬ ಅದು. ನಸುಕಿನಲ್ಲಿ ಎಲ್‌ಸಿ ವಾಪಸ್ ಕೊಟ್ಟೆವು, ಬಾಳೆ ತೋಟದ ಕಡೆಯಿಂದ ಮೋಟಾರು ನೀರೆತ್ತುವ ಸದ್ದು ಬಂತು.

ಆ ಸಂಜೆಯನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ಮೆಲುಕು ಹಾಕಿದ್ದೇನೆ. ಕೂಗಿದ ನನ್ನ ಪಾತ್ರ ಅದರಲ್ಲಿ ಸಣ್ಣದು, ಯಾರೇ ಆಗಿದ್ದರೂ ಕೂಗುತ್ತಿದ್ದರು. ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಅವರು ಇಳಿದದ್ದು. ಇಪ್ಪತ್ತೈದು ವರ್ಷ ಕಂಬ ಹತ್ತಿದವರು. ಎಂಟು ತಿಂಗಳ ಹುಡುಗ ಕಾರಣವನ್ನೂ ಹೇಳದೆ ಕೂಗಿದ್ದಾನೆ. “ಯಾಕೋ?” ಎಂದು ಕೇಳಲು ಒಂದು ಕ್ಷಣ ಸಾಕು, ಆ ಕ್ಷಣದಲ್ಲಿ ಕೈ ತನ್ನ ರೂಢಿಯಂತೆ ತಂತಿಗೆ ಹೋಗಲೂ ಸಾಕು. ಅವರು ಕೇಳಲಿಲ್ಲ. ಆ ಕೇಳದಿರುವಿಕೆಯನ್ನು ಅವರು ಎಂಟು ತಿಂಗಳು ಕೂಡಿಟ್ಟಿದ್ದರು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಒಂದೊಂದು ಗಂಟು ಬಿಚ್ಚಿಸಿದಾಗಲೂ ಅವರು ನನ್ನ ಕಣ್ಣು ನೋಡುತ್ತಿದ್ದರು: ಇವನು ಬೇಸರಕ್ಕೆ ಸುಳ್ಳು ಹೇಳುತ್ತಾನೋ, ಭಯಕ್ಕೆ ಬಾಯಿ ಮುಚ್ಚುತ್ತಾನೋ, ಅನುಮಾನ ಬಂದರೆ ಕೇಳುತ್ತಾನೋ. ನಾನು ಕದ್ದು ಫೋನ್ ಮಾಡಿದ ದಿನ ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತೇನೋ. ಪರೀಕ್ಷೆ ಮಾಡಲು ಹೊತ್ತಿದ್ದಾಗಲೆಲ್ಲ ಪರೀಕ್ಷೆ ಮಾಡಿದವರು, ಹೊತ್ತೇ ಇಲ್ಲದಾಗ ನಂಬಿದರು.

ನಂಬಿಕೆ ಅಂದರೆ ಕಣ್ಣು ಮುಚ್ಚುವುದು ಎಂದು ನಾನು ತಿಳಿದಿದ್ದೆ. ಶಿಷ್ಯ ಕಣ್ಣು ಮುಚ್ಚಿ ಗುರುವಿನ ಹಿಂದೆ ಹೋಗಬೇಕು ಎನ್ನುವುದನ್ನು ನಮಗೆ ಮನೆಯಲ್ಲಿ, ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಗುರು ಶಿಷ್ಯನನ್ನು ನಂಬಬೇಕೆಂದು ಯಾರೂ ಹೇಳಿಕೊಡಲಿಲ್ಲ. ಎರಡರಲ್ಲಿ ಕಷ್ಟದ್ದು ಇದೇ. ಕೆಳಗಿನವನು ಮೇಲಿನವನನ್ನು ನಂಬುವಾಗ ಕಳೆದುಕೊಳ್ಳುವುದು ಕಡಿಮೆ. ಮೇಲಿನವನು ಕೆಳಗಿನವನ ಮಾತಿಗೆ ಇಳಿಯಬೇಕಾದರೆ ತನ್ನ ವರ್ಷಗಳನ್ನೆಲ್ಲ ಒಂದು ಕ್ಷಣ ಪಕ್ಕಕ್ಕಿಡಬೇಕು.

ಹಾಗೆ ಇಳಿಯದೆ ಹೋದವರೊಬ್ಬರ ಕಥೆಯನ್ನು ಆಮೇಲೆ ಓದಿದೆ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಕೆಎಲ್‌ಎಂ ಕಂಪನಿಯ ಬೋಯಿಂಗ್ 747ರ ಕ್ಯಾಪ್ಟನ್ ಯಾಕೋಬ್ ವಾನ್ ಝಾಂಟೆನ್ ಆ ಕಂಪನಿಯ 747 ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಮುಖ್ಯಸ್ಥ. ಪಕ್ಕದಲ್ಲಿ ಕೂತ ಸಹ ಪೈಲಟ್‌ನನ್ನು ಆ ವಿಮಾನಕ್ಕೆ ಅರ್ಹನೆಂದು ಪರೀಕ್ಷಿಸಿ ಒಪ್ಪಿದವನೂ ಅವನೇ. ಹಾರಲು ಅನುಮತಿ ಬರುವ ಮೊದಲೇ ವಿಮಾನ ಓಡತೊಡಗಿತು. ಎದುರಿನ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂದು ಹಿಂದೆ ಕೂತ ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿಬಿಟ್ಟ. ಆಮೇಲೆ ಆತ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಿರಿಯರು ಬಾಯಿ ಬಿಡುವುದನ್ನೂ ಹಿರಿಯರು ಕಿವಿ ಕೊಡುವುದನ್ನೂ ಪಾಠವಾಗಿ ಕಲಿಸಬೇಕೆಂದು ವಿಮಾನ ಲೋಕ ತೀರ್ಮಾನಿಸಿದ್ದು ಅದರ ನಂತರದ ವರ್ಷಗಳಲ್ಲಿ. ಇದನ್ನು ಓದಿದ ರಾತ್ರಿ ನನಗೆ ಆ ಎಂಜಿನಿಯರನದೇ ಚಿಂತೆಯಾಯಿತು. ಅವನ ಕಿವಿಗೂ ಒಂದು ಗುಂಯ್ ಕೇಳಿಸಿತ್ತು.

ಆ ಪಾಠ ಕಲಬುರಗಿಯಲ್ಲಿ ನನ್ನ ಕಣ್ಣೆದುರೇ ಇತ್ತು. ಅಪ್ಪನ ಗುಡಿಯ ಗರ್ಭಗುಡಿಯಲ್ಲಿ ಶರಣಬಸವೇಶ್ವರರ ಸಮಾಧಿಯಿದೆ. ಅರಳಗುಂಡಗಿಯ ರೈತ, ಬೆಳೆದ ಪೈರನ್ನು ಹಕ್ಕಿಗಳಿಗೂ ಹಸಿದವರಿಗೂ ಬಿಟ್ಟವರು, ಕಲಬುರಗಿಗೆ ಬಂದು ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದವರು. ಸಮಾಧಿಯ ಮೇಲಿನ ಮೂರ್ತಿಯಲ್ಲಿ ಎರಡು ಮುಖಗಳಿವೆ. ಒಂದು ಶರಣರದು, ಇನ್ನೊಂದು ಅವರ ಗುರು ಮರುಳಾರಾಧ್ಯರದು. ಜುಗಲ ಮೂರ್ತಿ ಎನ್ನುತ್ತಾರೆ. ಗುರು ತನ್ನದೆಲ್ಲವನ್ನೂ ಶಿಷ್ಯನಿಗೆ ಕೊಟ್ಟು ಸರಿಸಮ ಮಾಡಿಕೊಂಡರು ಎನ್ನುವುದು ಅದರ ಅರ್ಥ. ಚಿಕ್ಕಂದಿನಿಂದ ಕೈ ಮುಗಿದಿದ್ದೆ, ನೋಡಿರಲಿಲ್ಲ. ಆ ಬೇಸಿಗೆಯ ನಂತರದ ಒಂದು ಸೋಮವಾರ ಉಸ್ತಾದರ ಪಕ್ಕ ನಿಂತು ಮೊದಲ ಸಲ ನೋಡಿದೆ. ಶಿಷ್ಯನು ಗುರುವಿನ ಪಾದದ ಬಳಿ ಇಲ್ಲ. ಒಂದೇ ಮಟ್ಟದಲ್ಲಿ ಎರಡು ಮುಖ.

ನನಗೂ ಆಮೇಲೆ ಹುಡುಗರು ಬಂದರು. ಈ ವಿಷಯದಲ್ಲಿ ನಾನು ಉಸ್ತಾದರಷ್ಟು ದೊಡ್ಡವನಲ್ಲ ಎಂದು ಅವರಿಂದಲೇ ತಿಳಿಯಿತು. ಒಂದು ದಿನ, ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಮೊಬೈಲ್ ಬಂದಿತ್ತು, ಹೊಸ ಹುಡುಗನೊಬ್ಬ ಏಣಿ ಹಿಡಿದುಕೊಂಡು, “ಸರ್, ಎಲ್‌ಸಿ ನಂಬರ್ ಒಮ್ಮಿ ನಾನೂ ಕೇಳ್ಲಾ?” ಅಂದ. ನನ್ನ ಕಿವಿ ಬಿಸಿಯಾಯಿತು. ನನ್ನ ಮೇಲೆ ನಂಬಿಕೆಯಿಲ್ಲವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಊರ ಜನ ನಿಂತಿದ್ದರು, ಮಾನದ ಪ್ರಶ್ನೆ ಎನಿಸಿತು. ಸೈಕಲ್ಲಿಗೆ ಏಣಿ ಕಟ್ಟುತ್ತಿದ್ದ ಬೆನ್ನು ನೆನಪಾಯಿತು. ಫೋನ್ ಅವನ ಕೈಗೆ ಕೊಟ್ಟೆ. ಕೊಡುವಾಗ ನನ್ನ ಕೈ ಹಗುರಾಗಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆ ಹುಡುಗನ ಗಂಟನ್ನು ನಾನು ಆರು ತಿಂಗಳು ಬಿಚ್ಚಿಸಿದೆ. ಈಗ ಅವನು ನನ್ನಂತೆಯೇ ಬೇರೆಯವರ ಗಂಟು ಬಿಚ್ಚಿಸುತ್ತಿದ್ದಾನೆ.

ಓದುವವರಲ್ಲಿ ಎರಡು ಕೋರಿಕೆ. ಮನೆಗೆ, ಅಂಗಡಿಗೆ, ಗಿರಣಿಗೆ ಜನರೇಟರ್ ಕೂಡಿಸುವವರು ತಿಳಿದ ಎಲೆಕ್ಟ್ರಿಷಿಯನ್ನಿನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಿಕೊಳ್ಳಿ. ಅದೊಂದು ಇದ್ದರೆ ನಿಮ್ಮ ಕರೆಂಟು ನಿಮ್ಮ ಗೋಡೆ ದಾಟಿ ಕಂಬಕ್ಕೆ ಹೋಗುವುದಿಲ್ಲ. ಇನ್ನೊಂದು, ನಿಮ್ಮ ಓಣಿಯ ಕಂಬದ ಮೇಲೆ ಯಾರಾದರೂ ಕೆಲಸ ಮಾಡುತ್ತಿದ್ದಾಗ ಕೆಳಗೆ ಒಬ್ಬ ಹುಡುಗ ತಲೆಯೆತ್ತಿ ನಿಂತಿರುತ್ತಾನೆ. ಕರೆಂಟು ಯಾವಾಗ ಬರುತ್ತದೆ ಎಂದು ಅವನನ್ನು ಮಾತಿಗೆಳೆಯಬೇಡಿ.